ಎರಡು ದಿನದ ಅಂಗಡಿ: ಉತ್ಸವದ ಮೈದಾನದಲ್ಲಿ ಮಳಿಗೆ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಉತ್ಸವದ ಮಳಿಗೆಯಲ್ಲಿ ಲಾಭವಾಯಿತೋ ನಷ್ಟವಾಯಿತೋ ಎಂಬುದು ತಿಳಿಯುವುದು ಭಾನುವಾರ ರಾತ್ರಿ, ಉಳಿದ ಸರಕನ್ನು ಮತ್ತೆ ಡಬ್ಬಗಳಿಗೆ ತುಂಬುವಾಗ. ಗಲ್ಲಾಪೆಟ್ಟಿಗೆ ಭಾರವಾಗಿದೆ ಎಂದು ಹಿಗ್ಗುವವರು ಆ ಡಬ್ಬಗಳ ಕಡೆ ತಿರುಗಿಯೂ ನೋಡುವುದಿಲ್ಲ. 30,000 ರೂಪಾಯಿಗೆ ಮಾರಿ 12,000 ರೂಪಾಯಿಯ ಸರಕನ್ನು ಕೆಡಿಸಿಕೊಂಡವನಿಗಿಂತ, 20,000 ರೂಪಾಯಿಗೆ ಮಾರಿ ಉಳಿದದ್ದನ್ನು ಮುಂದಿನ ಸಂತೆಗೆ ಎತ್ತಿಟ್ಟವನು ಮೇಲು. ಆದ್ದರಿಂದ ಏನು ಒಯ್ಯಬೇಕು, ಎಷ್ಟು ಒಯ್ಯಬೇಕು, ಯಾವಾಗ ಬೆಲೆ ಇಳಿಸಬೇಕು ಎಂಬ ಪ್ರತಿ ಪ್ರಶ್ನೆಯನ್ನೂ ‘ಉಳಿದರೆ ಏನಾಗುತ್ತದೆ?’ ಎಂಬ ಇನ್ನೊಂದು ಪ್ರಶ್ನೆಯಿಂದ ಅಳೆಯಬೇಕು.

ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಕಾಫಿಪುಡಿ, ಕಾಳುಮೆಣಸು, ಜೇನು, ಉಪ್ಪಿನಕಾಯಿ, ಹಪ್ಪಳ ಇಂಥವನ್ನು ಮನೆಯಲ್ಲೋ ಸಂಘದಲ್ಲೋ ತಯಾರಿಸಿ ಮಾರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬಳೆ, ಆಟಿಕೆ, ಬಟ್ಟೆ ಮಾರುವವರಿಗೂ ಜಾಗ, ಹಣ, ಮಳೆಯ ಮಾತು ಅನ್ವಯಿಸುತ್ತದೆ.

ಮೊದಲು ಜನರನ್ನು ಓದಿ

ಎಲ್ಲ ಉತ್ಸವಗಳಿಗೂ ಒಂದೇ ಸರಕನ್ನು ಹೊತ್ತೊಯ್ಯುವುದು ನಮ್ಮ ಕಡೆಯ ದೊಡ್ಡ ಚಾಳಿ. ಬರುವವರು ಯಾರು, ಅವರ ಕೈ ಖಾಲಿ ಇರುತ್ತದೆಯೇ, ವಾಪಸು ಹೋಗುವುದು ಯಾವಾಗ, ಈ ಮೂರನ್ನು ತಿಳಿದುಕೊಂಡ ಮೇಲೆ ಸರಕಿನ ಯೋಚನೆ ಮಾಡಿ.

ದೇವಸ್ಥಾನದ ಜಾತ್ರೆಯನ್ನೇ ತೆಗೆದುಕೊಳ್ಳಿ. ಹಾಸನಾಂಬೆಯ ಗುಡಿ ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದು ಬಲಿಪಾಡ್ಯಮಿ ಕಳೆದ ಮೇಲೆ ಮತ್ತೆ ವರ್ಷದವರೆಗೆ ಮುಚ್ಚುತ್ತದೆ. ಆ ನಡುವೆ ಬರುವ ಶನಿವಾರ, ಭಾನುವಾರಗಳಂದು ಸರತಿಯ ಸಾಲು ಗಂಟೆಗಟ್ಟಲೆ ಸಾಗುತ್ತದೆ. ಸಾಲಿನಲ್ಲಿ ನಿಂತವರ ತಲೆಯಲ್ಲಿರುವುದು ದರ್ಶನ ಒಂದೇ. ಕೈಯಲ್ಲಿ ಹಣ್ಣುಕಾಯಿ, ಕಂಕುಳಲ್ಲಿ ಮಗು. ಅವರು ನಿಮ್ಮ ಕಾಫಿಪುಡಿಯನ್ನು ನೋಡುವುದಿಲ್ಲ. ಹೊರಗೆ ಬರುವ ಹೊತ್ತಿಗೆ ಅದೇ ಜನ ಬೇರೆಯಾಗಿರುತ್ತಾರೆ: ಹಸಿವಾಗಿದೆ, ಮನಸ್ಸು ಹಗುರವಾಗಿದೆ, ಊರಿಗೆ ಏನಾದರೂ ಒಯ್ಯಬೇಕು ಎನಿಸುತ್ತಿದೆ. ಹಾಗಾಗಿ ಒಳಹೋಗುವ ದಾರಿಯಲ್ಲಿ ನೀರು, ಹೂವು, ಹಣ್ಣುಕಾಯಿ ನಡೆದರೆ ಮಿಕ್ಕದ್ದೆಲ್ಲ ಹೊರಬರುವ ದಾರಿಯಲ್ಲಿ ನಡೆಯುತ್ತದೆ. ಬಾಡಿಗೆ ಹೆಚ್ಚಾದರೂ ಹೊರದಾರಿಯ ಮಳಿಗೆಯೇ ಲೇಸು.

ದೀಪಾವಳಿಯ ನರಕ ಚತುರ್ದಶಿಯಂದು ಮಲ್ಲೇನಹಳ್ಳಿ ಬಳಿಯ ದೇವೀರಮ್ಮನ ಬೆಟ್ಟಕ್ಕೆ ಹತ್ತುವವರದ್ದು ಇನ್ನೂ ಕಠಿಣ ಸ್ಥಿತಿ. ಬರಿಗಾಲು, ಕಡಿದಾದ ದಾರಿ. ಬೆಟ್ಟ ಇಳಿದವರ ಮೊದಲ ಬೇಡಿಕೆ ನೀರು, ಎರಡನೆಯದು ಕೂರಲು ಜಾಗ. ಅಲ್ಲಿ ಗಾಜಿನ ಬಾಟಲಿಯ ಉಪ್ಪಿನಕಾಯಿ ಜೋಡಿಸಿಟ್ಟರೆ ಅದಕ್ಕೆ ದೂಳು ಹಿಡಿಯುತ್ತದೆ, ಅಷ್ಟೇ. ಮಜ್ಜಿಗೆ, ಪಾನಕ, ಬೇಯಿಸಿದ ಕಡಲೆಯವರಿಗೆ ಅದು ಸುಗ್ಗಿ.

ಜಿಲ್ಲಾ ಉತ್ಸವ, ಫಲಪುಷ್ಪ ಪ್ರದರ್ಶನ, ಆಹಾರ ಮೇಳಗಳ ಜನ ಬೇರೆ. ಇಲ್ಲಿ ಎರಡು ಗುಂಪುಗಳಿವೆ. ಊರಿನ ಕುಟುಂಬಗಳು ಸಂಜೆ ಐದರ ನಂತರ ಬರುತ್ತವೆ, ನಿಧಾನವಾಗಿ ಸುತ್ತುತ್ತವೆ, ಸಣ್ಣ ಪೊಟ್ಟಣ ಕೇಳುತ್ತವೆ, ಬೆಲೆ ಗೊತ್ತಿರುತ್ತದೆ. ಕಾಫಿನಾಡಿನವರಿಗೆ ಕಾಫಿಪುಡಿ ಮಾರುವುದು ಸುಲಭವಲ್ಲ. ಅವರ ಮನೆಯಲ್ಲೇ ಹುರಿದದ್ದು ಇರುತ್ತದೆ. ಅವರಿಗೆ ಅರಸೀಕೆರೆಯ ಕೊಬ್ಬರಿ, ಬಯಲುಸೀಮೆಯ ಹುರಿಗಡಲೆ ಉಂಡೆ, ಹಪ್ಪಳ ಬೇಕು. ಎರಡನೆಯ ಗುಂಪು ಬೆಂಗಳೂರಿನ ಕಡೆಯ ಪ್ರವಾಸಿಗರು. ಶನಿವಾರ ಅವರು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಎಂದು ಬೆಟ್ಟದ ಮೇಲಿರುತ್ತಾರೆ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಹಾಸನದ ದಾರಿ ಹಿಡಿಯುವ ಮೊದಲು ಒಂದು ಸುತ್ತು ಬರುತ್ತಾರೆ. ಕಾಫಿ, ಮೆಣಸು, ಏಲಕ್ಕಿ, ಜೇನು ಹೋಗುವುದು ಆ ಮೂರು ಗಂಟೆಗಳಲ್ಲಿ. ಶನಿವಾರ ರಾತ್ರಿ ಹನ್ನೊಂದರವರೆಗೆ ನಿಂತು ದಣಿದು ಭಾನುವಾರ ಹತ್ತೂವರೆಗೆ ಮಳಿಗೆ ತೆರೆಯುವವರು ಒಳ್ಳೆಯ ಗಿರಾಕಿಗಳನ್ನೇ ಕಳೆದುಕೊಳ್ಳುತ್ತಾರೆ.

ಜಾಗ: ಆಯೋಜಕರಿಗೆ ಕೇಳಬೇಕಾದ ಪ್ರಶ್ನೆಗಳು

‘ಲಕ್ಷ ಜನ ಬರುತ್ತಾರೆ’ ಎಂಬುದು ಎಲ್ಲ ಆಯೋಜಕರ ಮಾತು. ಲಕ್ಷ ಜನ ಬಂದರೂ ಅವರು ವೇದಿಕೆಯ ಮುಂದೆ ಕುರ್ಚಿ ಹಿಡಿದು ಕೂತರೆ ನಿಮಗೇನು ಬಂತು? ಮುಂಗಡ ಕೊಡುವ ಮೊದಲು ಮೈದಾನದ ನಕ್ಷೆ ಕೇಳಿ. ನಕ್ಷೆ ಇಲ್ಲವೆಂದರೆ ಒಮ್ಮೆ ಹೋಗಿ ಮೈದಾನದಲ್ಲಿ ನಡೆದು ನೋಡಿ: ವಾಹನ ನಿಲ್ಲಿಸುವ ಜಾಗ ಎಲ್ಲಿ, ದ್ವಾರ ಎಷ್ಟು, ವೇದಿಕೆಯ ಮುಖ ಯಾವ ಕಡೆ, ಶೌಚಾಲಯ ಎಲ್ಲಿ, ಜನರೇಟರ್ ಎಲ್ಲಿ ಇಡುತ್ತಾರೆ.

ಜನರೇಟರ್ ಪಕ್ಕದ ಮಳಿಗೆಯನ್ನು ಪುಕ್ಕಟೆ ಕೊಟ್ಟರೂ ಬೇಡ. ಡೀಸೆಲ್ ವಾಸನೆ ಕಾಫಿಗೂ ಹಪ್ಪಳಕ್ಕೂ ಹತ್ತುತ್ತದೆ. ವೇದಿಕೆಯ ಧ್ವನಿವರ್ಧಕದ ನೇರಕ್ಕೆ ಬಿದ್ದರೆ ಗಿರಾಕಿ ಕೇಳಿದ್ದು ನಿಮಗೆ ಕೇಳಿಸದು, ನೀವು ಹೇಳಿದ ಬೆಲೆ ಅವರಿಗೆ ಕೇಳಿಸದು. ಕಬಾಬ್ ಮತ್ತು ಗೋಬಿ ಕರಿಯುವವರ ಹೊಗೆ ಬೀಸುವ ದಿಕ್ಕಿಗೂ ಬೇಡ. ಮೂಲೆಯ ಮಳಿಗೆಗೆ ಎರಡು ಮುಖ ಇರುತ್ತದೆ. ಸ್ವಲ್ಪ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಿ. ಊಟದ ಮಳಿಗೆಗಳ ಸಾಲು ಮುಗಿದು ಎರಡು ಮೂರು ಅಂಗಡಿ ದಾಟಿದ ಮೇಲಿನ ಜಾಗವೂ ಚೆನ್ನಾಗಿರುತ್ತದೆ. ಹೊಟ್ಟೆ ತುಂಬಿದವರು ಅಲ್ಲಿ ನಡಿಗೆ ನಿಧಾನ ಮಾಡುತ್ತಾರೆ.

ಇನ್ನು ಕೇಳಬೇಕಾದದ್ದು: ಬಾಡಿಗೆಯಲ್ಲಿ ಮೇಜು, ಕುರ್ಚಿ, ದೀಪ, ಒಂದು ಪ್ಲಗ್ ಸೇರಿದೆಯೇ? ರಾತ್ರಿ ಕಾವಲು ಯಾರದು? ಸರಕಿನ ವಾಹನ ಎಷ್ಟು ಗಂಟೆಯವರೆಗೆ ಒಳಗೆ ಬರಬಹುದು? ನಿಮ್ಮದೇ ಬಗೆಯ ಸರಕಿನ ಮಳಿಗೆಗಳು ಇನ್ನೆಷ್ಟು? ಮಳೆಯಿಂದ ರದ್ದಾದರೆ ಹಣ ವಾಪಸೇ? ಉತ್ತರಗಳನ್ನು ಮೊಬೈಲಿನಲ್ಲಿ ಬರಹದ ರೂಪದಲ್ಲಿ ಪಡೆಯಿರಿ. ಊರಿನ ಜಾತ್ರೆಗಳಲ್ಲಿ ನೆಲಬಾಡಿಗೆ ವಸೂಲಿಯನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಟ್ಟಿರುವುದುಂಟು. ಅಲ್ಲಿ ಒಬ್ಬರು ಬೆಳಿಗ್ಗೆ, ಇನ್ನೊಬ್ಬರು ಸಂಜೆ ಬಂದು ಕೈಚಾಚುತ್ತಾರೆ. ರಸೀದಿ ಇಲ್ಲದೆ ಯಾರಿಗೂ ಕೊಡಬೇಡಿ. ಪಡೆದ ರಸೀದಿಯನ್ನು ಮೇಜಿನ ಮೇಲೆ ಕಾಣುವಂತೆ ಅಂಟಿಸಿಡಿ.

ಸ್ವಸಹಾಯ ಸಂಘದವರಾದರೆ ಮೊದಲು ಸಂಘಗಳ ಕೆಲಸ ನೋಡಿಕೊಳ್ಳುವ ಜಿಲ್ಲಾ ಪಂಚಾಯಿತಿಯ ಸಂಜೀವಿನಿ ವಿಭಾಗದಲ್ಲಿ ವಿಚಾರಿಸಿ. ಸರ್ಕಾರಿ ಉತ್ಸವಗಳ ವಸ್ತುಪ್ರದರ್ಶನದಲ್ಲಿ ಸಂಘಗಳಿಗೆಂದೇ ಮಳಿಗೆ ಮೀಸಲಿಡುವುದು ವಾಡಿಕೆ.

ಕಾಗದಪತ್ರ

ತಿನ್ನುವ ವಸ್ತು ಮಾರುವವರು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು. ‘ಎರಡು ದಿನದ ಮಳಿಗೆಗೆ ಯಾಕೆ’ ಎನ್ನುವವರಿದ್ದಾರೆ. 2011ರ ಪರವಾನಗಿ ನಿಯಮಗಳು ಸಣ್ಣ ಆಹಾರ ವ್ಯಾಪಾರಿಗಳ ಪಟ್ಟಿಯಲ್ಲಿ ತಳ್ಳುಗಾಡಿಯವರ ಜೊತೆಗೆ ತಾತ್ಕಾಲಿಕ ಮಳಿಗೆಯವರನ್ನೂ ಹೆಸರಿಸಿಯೇ ಸೇರಿಸಿವೆ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬಹುದು. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣಗಳ ಮೇಲೆ ಮುದ್ರಿಸಿ, ಪ್ರಮಾಣಪತ್ರದ ಪ್ರತಿಯನ್ನು ಮಳಿಗೆಯಲ್ಲಿ ತೂಗುಹಾಕಿ. ಪ್ರವಾಸಿ ಗಿರಾಕಿಗಳು ಆ ಸಂಖ್ಯೆಯನ್ನು ನೋಡುತ್ತಾರೆ.

ಪೊಟ್ಟಣ ಕಟ್ಟಿದ ಸರಕಿನ ಮೇಲೆ ವಸ್ತುವಿನ ಹೆಸರು, ಕಟ್ಟಿದವರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಯಾರಿಸಿದ ಅಥವಾ ಕಟ್ಟಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ ಇರಬೇಕು. ಆಹಾರವಾದರೆ ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ಎಷ್ಟು ದಿನದೊಳಗೆ ಬಳಸಬೇಕೆಂಬ ಸೂಚನೆ ಕೂಡ. ಚಿಕೋರಿ ಬೆರೆಸಿದ ಕಾಫಿಪುಡಿಯಲ್ಲಿ ಕಾಫಿಯ ಪಾಲು ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ಹೇಳಬೇಕು. ಚಿಕೋರಿ ಹಾಕಿಯೂ ‘ಶುದ್ಧ ಕಾಫಿ’ ಎಂದು ಬರೆಯುವವರಿಂದ ಇಡೀ ಜಿಲ್ಲೆಯ ಹೆಸರು ಕೆಡುತ್ತದೆ.

ಬಿಡಿಯಾಗಿ ತೂಗಿ ಮಾರುವುದಾದರೆ ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಪ್ರತಿವರ್ಷ ಬೇಕು. ಅಡುಗೆ ಮಾಡುವ ಮಳಿಗೆಗೆ ಮನೆಯ 14.2 ಕೆ.ಜಿ. ಸಿಲಿಂಡರ್ ಒಯ್ಯಬೇಡಿ, ವಾಣಿಜ್ಯ ಬಳಕೆಗೆ 19 ಕೆ.ಜಿ.ಯದ್ದು ಇದೆ. ಬಣ್ಣದ ವಿಷಯವೂ ನೆನಪಿರಲಿ: 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣವನ್ನೂ ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಬಣ್ಣವನ್ನೂ ನಿಷೇಧಿಸಿತು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಕ್ಕೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ನಮ್ಮಲ್ಲಿ ಅಡಿಕೆ ಹಾಳೆಯ ತಟ್ಟೆ, ಮುತ್ತುಗದ ಎಲೆಗೆ ಬರವಿಲ್ಲ. ಪ್ರವಾಸಿಗರು ಹಾಳೆ ತಟ್ಟೆಯ ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಬಾಡಿಗೆ ಕೊಡುವ ಮೊದಲಿನ ಲೆಕ್ಕ

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಮಳಿಗೆ ಬಾಡಿಗೆ 3,000, ಸಾಗಣೆ 1,500, ಸಹಾಯಕರಿಗೆ ಎರಡು ದಿನಕ್ಕೆ 1,400, ಊಟ ತಿಂಡಿ 600, ರುಚಿಗೆ ಕೊಡುವ ಸರಕು 500, ಚೀಲ, ದಾರ, ಇತ್ಯಾದಿ 500. ಒಟ್ಟು 7,500 ರೂಪಾಯಿ. ನೂರು ರೂಪಾಯಿಯ ಮಾರಾಟದಲ್ಲಿ ನಿಮಗೆ ಮೂವತ್ತು ರೂಪಾಯಿ ಲಾಭ ಸಿಗುವುದಾದರೆ, ಖರ್ಚು ಸರಿದೂಗಲು 25,000 ರೂಪಾಯಿಯ ವ್ಯಾಪಾರವಾಗಬೇಕು.

ಈಗ ಗಂಟೆ ಎಣಿಸಿ. ಮಳಿಗೆ ಎರಡು ದಿನ ತೆರೆದಿದ್ದರೂ ನಿಜವಾದ ವ್ಯಾಪಾರ ನಡೆಯುವುದು ಶನಿವಾರ ಸಂಜೆ ನಾಲ್ಕು ಗಂಟೆ, ಭಾನುವಾರ ಬೆಳಿಗ್ಗೆ ಮೂರು, ಸಂಜೆ ಮೂರು. ಹತ್ತು ಗಂಟೆಯಲ್ಲಿ 25,000 ಎಂದರೆ ಗಂಟೆಗೆ 2,500. ಒಬ್ಬ ಗಿರಾಕಿ ಸರಾಸರಿ 200 ರೂಪಾಯಿಗೆ ಕೊಂಡರೆ ಗಂಟೆಗೆ ಹನ್ನೆರಡು ಹದಿಮೂರು ಗಿರಾಕಿಗಳು, ಸುಮಾರು ಐದು ನಿಮಿಷಕ್ಕೊಬ್ಬರು. ಅದರಲ್ಲೇ ರುಚಿ ಕೊಡಬೇಕು, ತೂಗಬೇಕು, ಹಣ ಪಡೆಯಬೇಕು, ಕೊಳ್ಳದೆ ಕೇಳಿ ಹೋಗುವವರಿಗೂ ಉತ್ತರಿಸಬೇಕು. ಒಬ್ಬರಿಂದ ಆಗದ ಕೆಲಸವಿದು. ಈ ಲೆಕ್ಕ ಹಾಕದವರು ‘ಜನ ಬಂದರು, ಆದರೆ ನಿಲ್ಲಲಿಲ್ಲ’ ಎಂದು ದೂರುತ್ತಾರೆ.

ಬೆಲೆಯನ್ನು ಐವತ್ತು, ನೂರು, ಇನ್ನೂರು ಎಂದು ಇಡಿಯಾಗಿ ಇಟ್ಟು, ಪೊಟ್ಟಣದ ತೂಕವನ್ನು ಅದಕ್ಕೆ ಹೊಂದಿಸಿ. 185 ರೂಪಾಯಿಯ ಪೊಟ್ಟಣ ಮಾರಿದರೆ ಪ್ರತಿಯೊಬ್ಬರಿಗೂ ಹದಿನೈದು ರೂಪಾಯಿ ಚಿಲ್ಲರೆ ಹುಡುಕಬೇಕಾಗುತ್ತದೆ.

ಏನು ಒಯ್ಯುವುದು, ಎಷ್ಟು ಒಯ್ಯುವುದು

ಉಳಿದರೆ ಕೆಡದ ಸರಕು, ಉಳಿದರೆ ಸೊರಗುವ ಸರಕು, ಉಳಿದರೆ ಚೆಲ್ಲಬೇಕಾದ ಸರಕು ಎಂದು ಮೂರು ಪಾಲು ಮಾಡಿ. ಒಯ್ಯುವ ಸರಕಿನ ಮುಕ್ಕಾಲು ಭಾಗ ಮೊದಲ ಪಾಲಿನದ್ದಾಗಿರಲಿ. ಮೂರನೆಯ ಪಾಲಿನದ್ದನ್ನು, ಮಾರಾಟವಾಗುತ್ತದೆ ಎಂದು ನಿಮಗೆ ಅನಿಸಿದ್ದರ ಅರ್ಧದಷ್ಟು ಒಯ್ಯಿರಿ. ಸಂಜೆ ಏಳಕ್ಕೇ ಖಾಲಿಯಾಯಿತು ಎಂದು ಕೊರಗುವುದು ಬೇಡ. ‘ಇವರದ್ದು ಬೇಗ ಮುಗಿಯುತ್ತದೆ’ ಎಂಬ ಹೆಸರು ಮಾರನೆಯ ದಿನಕ್ಕೆ ಒಳ್ಳೆಯದೇ.

ಕಾಳುಮೆಣಸು ಮೊದಲ ಪಾಲಿನ ರಾಜ. ಒಣಗಿದ್ದರೆ ಮುಂದಿನ ವರ್ಷಕ್ಕೂ ಆಗುತ್ತದೆ. ನೂರು ಗ್ರಾಂ ಮತ್ತು ಕಾಲು ಕೆ.ಜಿ. ಪೊಟ್ಟಣ ಸಾಕು. ಒಂದು ಬಟ್ಟಲಲ್ಲಿ ಬಿಡಿ ಕಾಳು ಇಡಿ. ಕೈಯಲ್ಲಿ ಹಿಡಿದು, ಉಜ್ಜಿ, ಮೂಸಿ ನೋಡಿದವರು ಕೊಳ್ಳುತ್ತಾರೆ. ಮೆಣಸಿನ ವ್ಯಾಪಾರಿಗಳು ಲೀಟರ್ ಅಳತೆಯ ತೂಕ ನೋಡಿ ಕೊಳ್ಳುವುದು ನಿಮಗೆ ಗೊತ್ತಿರಬಹುದು. ಲೀಟರಿಗೆ 550 ಗ್ರಾಂ ತೂಗುವ ಗಟ್ಟಿ ಕಾಳನ್ನೂ ಜಳ್ಳನ್ನೂ ಎರಡು ಬಟ್ಟಲಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದರೆ ಪೇಟೆಯವರಿಗೆ ಬೆಲೆಯ ವ್ಯತ್ಯಾಸ ಒಂದೇ ನೋಟದಲ್ಲಿ ಅರ್ಥವಾಗುತ್ತದೆ.

ಕಾಫಿಪುಡಿ ಎರಡನೆಯ ಪಾಲಿನದ್ದು. ಪುಡಿ ಮಾಡಿದ ಮೇಲೆ ಪರಿಮಳ ದಿನದಿನಕ್ಕೂ ಇಳಿಯುತ್ತದೆ. ಅದಕ್ಕೆ ಉಪಾಯವೆಂದರೆ ಹುರಿದ ಬೀಜವನ್ನು ಒಯ್ದು, ಮಳಿಗೆಯಲ್ಲೇ ಸ್ವಲ್ಪ ಸ್ವಲ್ಪ ಪುಡಿ ಮಾಡುವುದು. ಬೀಜ ಉಳಿದರೂ ಪುಡಿಯಷ್ಟು ಬೇಗ ಸೊರಗುವುದಿಲ್ಲ, ಮೇಲಾಗಿ ಪುಡಿ ಮಾಡುವಾಗ ಏಳುವ ಪರಿಮಳವೇ ಅಕ್ಕಪಕ್ಕದ ನಾಲ್ಕು ಮಳಿಗೆಗಳ ಗಿರಾಕಿಗಳನ್ನು ಕರೆತರುತ್ತದೆ. ಯಂತ್ರ ಎಷ್ಟು ವ್ಯಾಟ್‌ನದು ಎಂದು ಮೈದಾನದ ವಿದ್ಯುತ್ ಕೆಲಸದವರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ನೀವು ಗುಂಡಿ ಒತ್ತಿದಾಗ ಇಡೀ ಸಾಲಿನ ದೀಪ ಆರಿ, ಎಲ್ಲರೂ ನಿಮ್ಮನ್ನೇ ನೋಡುತ್ತಾರೆ.

ಅರೇಬಿಕಾ, ರೋಬಸ್ಟಾ ಎಂದು ಕಾಫಿಯ ಬಗೆಗಳ ಪಾಠ ಮಾಡುವುದಕ್ಕಿಂತ ರುಚಿ ಕೊಡುವುದು ಒಳ್ಳೆಯದು. ಒಂದು ಲೀಟರ್ ಹಾಲಿಗೆ ಮುನ್ನೂರು ನಾನೂರು ಮಿಲಿಲೀಟರ್ ಗಟ್ಟಿ ಡಿಕಾಕ್ಷನ್ ಸೇರಿಸಿದರೆ ಎರಡು ಗುಟುಕಿನ ನಲವತ್ತು ಲೋಟ ಆಗುತ್ತದೆ. ಎರಡು ಗುಟುಕಿಗಿಂತ ಹೆಚ್ಚು ಕೊಡಬೇಡಿ. ಕಾಫಿ ಕುಡಿದು ತೃಪ್ತಿಯಾದವರು ಬಾಯಿ ಒರೆಸಿಕೊಂಡು ಮುಂದೆ ಹೋಗುತ್ತಾರೆ, ಇನ್ನಷ್ಟು ಬೇಕು ಎನಿಸಿದವರು ಪೊಟ್ಟಣ ಎತ್ತಿಕೊಳ್ಳುತ್ತಾರೆ.

ಜೇನು ಕೆಡುವುದಿಲ್ಲ, ಆದರೆ ಮಲೆನಾಡಿನ ಪುಷ್ಯ, ಮಾಘದ ಚಳಿಗೆ ಹರಳುಗಟ್ಟುತ್ತದೆ. ತಳದಲ್ಲಿ ಬೆಳ್ಳಗೆ ಕೂತದ್ದನ್ನು ನೋಡಿದ ಗಿರಾಕಿ ‘ಸಕ್ಕರೆ ಪಾಕ’ ಎಂದು ಪಕ್ಕದವರಿಗೂ ಕೇಳುವಂತೆ ಹೇಳಿ ಹೋಗುತ್ತಾರೆ. ಜಗಳ ಬೇಡ. ಬಾಟಲಿಗಳನ್ನು ಬೆಳಿಗ್ಗೆ ಕೈ ತಾಳುವಷ್ಟು ಬಿಸಿನೀರಿನಲ್ಲಿಟ್ಟು ಕರಗಿಸಿ, ಒಂದನ್ನು ಮಾತ್ರ ಹರಳುಗಟ್ಟಿದ ಹಾಗೆಯೇ ಬಿಟ್ಟು ‘ಚಳಿಗೆ ಜೇನು ಹೀಗಾಗುವುದು ಸಹಜ’ ಎಂದು ಚೀಟಿ ಅಂಟಿಸಿ ಮುಂದಿಡಿ. ತುಡುವೆ ಜೇನನ್ನೂ ಹೆಜ್ಜೇನನ್ನೂ ಬೇರೆ ಬೇರೆ ಇಟ್ಟು ಎರಡನ್ನೂ ಕಡ್ಡಿಯ ತುದಿಯಲ್ಲಿ ನೆಕ್ಕಿಸಿದರೆ ಮಾತೇ ಬೇಡ.

ಉಪ್ಪಿನಕಾಯಿಯ ತೊಡಕು ಸಾಗಣೆಯಲ್ಲಿದೆ. ಎಣ್ಣೆ ಸೋರುವ ಭಯದಿಂದ ಕಾರಿನವರು ಹಿಂಜರಿಯುತ್ತಾರೆ. ಕಾಲು ಕೆ.ಜಿ.ಯ ಗಟ್ಟಿ ಚೀಲಕ್ಕೆ ತುಂಬಿ, ಬಿಸಿಯಿಂದ ಎರಡು ಸಲ ಅಂಟಿಸಿ, ಅವರ ಎದುರೇ ತಲೆಕೆಳಗು ಮಾಡಿ ತೋರಿಸಿ. ರುಚಿಗೆ ಕೊಡುವಾಗ ಬರಿಯ ಉಪ್ಪಿನಕಾಯಿಯನ್ನು ನಾಲಿಗೆಗೆ ಇಡಬೇಡಿ. ಉಪ್ಪು ಖಾರ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಒಂದು ಚಮಚ ಮೊಸರನ್ನದ ಮೇಲೆ ಒಂದು ಚೂರು ಮಿಡಿ ಇಟ್ಟು ಕೊಡಿ. ಮೊಸರನ್ನವನ್ನು ಹೊತ್ತಿಗೊಮ್ಮೆ ಸ್ವಲ್ಪವೇ ಕಲಸಿಕೊಳ್ಳಬೇಕು, ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನಕ್ಕೆ ಹುಳಿಯುತ್ತದೆ.

ಬಿಸಿ ತಿಂಡಿಯವರಿಗೆ ಒಂದೇ ಮಾತು: ಎರಡಕ್ಕಿಂತ ಹೆಚ್ಚು ಬಗೆ ಬೇಡ. ಅಕ್ಕಿರೊಟ್ಟಿ, ಕಾಯಿಚಟ್ನಿ ಇಟ್ಟುಕೊಂಡು ಎರಡು ಹೆಂಚಿನಲ್ಲಿ ಬೇಯಿಸುವವರ ಮುಂದೆ ಸಾಲು ನಿಲ್ಲುತ್ತದೆ. ಹತ್ತು ತಿಂಡಿಯ ಹಲಗೆ ಬರೆದವರು ರಾತ್ರಿ ಹತ್ತು ಪಾತ್ರೆ ತೊಳೆಯುತ್ತಾರೆ.

ಮಳಿಗೆ ಕಟ್ಟುವುದು

ಸಾಮಾನ್ಯವಾಗಿ ಸಿಗುವುದು ಹತ್ತು ಅಡಿಗೆ ಹತ್ತು ಅಡಿ ಜಾಗ. ಮೇಜನ್ನು ಮುಂದಿನ ಅಂಚಿಗೆ ಅಡ್ಡಗೋಡೆಯಂತೆ ಹಾಕುವುದು ರೂಢಿ. ಅದಕ್ಕಿಂತ ‘ಎಲ್’ ಆಕಾರದಲ್ಲಿ ಎರಡು ಮೇಜು ಹಾಕಿ, ಗಿರಾಕಿ ಒಂದು ಹೆಜ್ಜೆ ಒಳಗೆ ಬರುವಂತೆ ಮಾಡಿ. ಒಳಗೆ ಬಂದವರನ್ನು ಹಿಂದಿನ ಜನ ತಳ್ಳುವುದಿಲ್ಲ, ನಿಧಾನವಾಗಿ ನೋಡುತ್ತಾರೆ. ಮೇಜಿಗೆ ನೆಲ ಮುಟ್ಟುವ ಬಟ್ಟೆ ಹೊದಿಸಿ. ಖಾಲಿ ಡಬ್ಬ, ನೀರಿನ ಕ್ಯಾನ್, ನಿಮ್ಮ ಚಪ್ಪಲಿ ಎಲ್ಲ ಅದರ ಹಿಂದೆ ಅಡಗಲಿ. ಸರಕಿನ ಚೀಲವನ್ನು ನೇರವಾಗಿ ನೆಲಕ್ಕೆ ಇಡಬೇಡಿ, ಇಟ್ಟಿಗೆ ಅಥವಾ ಮರದ ಹಲಗೆಯ ಮೇಲೆ ಇಡಿ.

ನೀಲಿ ತಾಡಪಾಲಿನ ಕೆಳಗೆ ಹಗಲಿನಲ್ಲಿ ಎಲ್ಲ ವಸ್ತುವೂ ನೀಲಿಯಾಗಿಯೇ ಕಾಣುತ್ತದೆ. ಮೆಣಸು ಬೂಸಲು ಹಿಡಿದಂತೆ, ಹಪ್ಪಳ ಹಳಸಿದಂತೆ. ತಾಡಪಾಲಿನ ಒಳಗಡೆ ಒಂದು ಬಿಳಿ ಪಂಚೆಯೋ ಹಾಸುಹೊದಿಕೆಯೋ ಕಟ್ಟಿದರೆ ಸರಕಿನ ಬಣ್ಣ ಬದಲಾಗುತ್ತದೆ. ರಾತ್ರಿಗೆ ಹಳದಿ ಛಾಯೆಯ ಎಲ್‌ಇಡಿ ದೀಪಗಳನ್ನು ಸರಕಿನ ಮೇಲೆ ಬೀಳುವಂತೆ ಇಳಿಬಿಡಿ, ಗಿರಾಕಿಯ ಕಣ್ಣಿಗೆ ಹೊಡೆಯಬಾರದು.

ಬೆಲೆಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಪ್ರತಿ ವಸ್ತುವಿನ ಮುಂದೆ ಬರೆಯಿರಿ. ಕೇಳಲು ನಾಚಿ ಮುಂದೆ ಹೋಗುವವರು ಬಹಳ ಜನ.

ಕೈಚೀಲದಲ್ಲಿ ಇರಬೇಕಾದ ಸಣ್ಣಪುಟ್ಟವು: ಸುತಳಿ, ಕತ್ತರಿ, ಅಗಲದ ಅಂಟುಪಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪು, ಮಾರ್ಕರ್ ಪೆನ್ನು, ರಬ್ಬರ್ ಬ್ಯಾಂಡ್, ಎಕ್ಸ್‌ಟೆನ್ಷನ್ ಬಾಕ್ಸ್, ಬ್ಯಾಟರಿ ದೀಪ, ಒರೆಸುವ ಬಟ್ಟೆ, ಕಸದ ಬುಟ್ಟಿ, ಕ್ಯಾಲ್ಕುಲೇಟರ್, ಲೆಕ್ಕದ ಪುಸ್ತಕ. ಇವುಗಳಲ್ಲಿ ಪಕ್ಕದ ಮಳಿಗೆಯವರು ಮೊದಲು ಕೇಳುವುದು ಕತ್ತರಿಯನ್ನು, ವಾಪಸು ಬಾರದೇ ಇರುವುದೂ ಅದೇ.

ಹಣ

ಶುಕ್ರವಾರವೇ ಬ್ಯಾಂಕಿನಿಂದ ಹತ್ತು, ಇಪ್ಪತ್ತು, ಐವತ್ತರ ನೋಟು ತಂದಿಟ್ಟುಕೊಳ್ಳಿ. ಹತ್ತು ರೂಪಾಯಿಯ ನಾಣ್ಯ ಚಲಾವಣೆಯಲ್ಲಿದೆ, ಬೇಡ ಎನ್ನುವ ಗಿರಾಕಿಯೊಂದಿಗೆ ವಾದಕ್ಕಿಳಿಯದೆ ನೋಟು ಕೊಟ್ಟುಬಿಡಿ.

ಯುಪಿಐ ಇಲ್ಲದೆ ಈಗ ಮಳಿಗೆ ನಡೆಯುವುದಿಲ್ಲ. ಆದರೆ ಜನಜಂಗುಳಿ ಹೆಚ್ಚಾದಷ್ಟೂ ಮೊಬೈಲ್ ಸಂಪರ್ಕ ಕುಸಿಯುತ್ತದೆ, ಬೆಟ್ಟದ ತಪ್ಪಲಿನಲ್ಲಂತೂ ಕೇಳುವುದೇ ಬೇಡ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರಲಿ. ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆ ಇದ್ದರೆ ಅದರ ಧ್ವನಿ ಕೇಳಿದ ಮೇಲೆಯೇ ಸರಕು ಕೈಗೆ ಕೊಡಿ. ಗಿರಾಕಿ ತೋರಿಸುವ ಪರದೆಯ ಚಿತ್ರವನ್ನು ಹಣವೆಂದು ಎಣಿಸಬೇಡಿ. ಬೆಳಿಗ್ಗೆ ಮಳಿಗೆ ತೆರೆದ ಕೂಡಲೇ ನಿಮ್ಮದೇ ಇನ್ನೊಂದು ಮೊಬೈಲಿನಿಂದ ಒಂದು ರೂಪಾಯಿ ಹಾಕಿ ನೋಡಿ. ರಾತ್ರಿ ಯಾರಾದರೂ ಕ್ಯೂಆರ್ ಚೀಟಿಯ ಮೇಲೆ ತಮ್ಮ ಚೀಟಿ ಅಂಟಿಸಿದ್ದರೆ ಆಗಲೇ ತಿಳಿಯುತ್ತದೆ.

ವ್ಯಾಪಾರದ ಹಣಕ್ಕೆ ಬೇರೆ ಖಾತೆ ಇರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟನ್ನು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಮನೆಯ ಹಣ, ಸಾಲದ ಹಣ, ಅಂಗಡಿಯ ಹಣ ಎಲ್ಲ ಒಂದೇ ಖಾತೆಯಲ್ಲಿದ್ದವರಿಗೆ ಯಾವುದು ಯಾವುದೆಂದು ತೋರಿಸುವುದೇ ಕಷ್ಟವಾಯಿತು. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆ ಮಿತಿಯೊಳಗೆ ಇದ್ದೀರಿ ಎಂದು ತೋರಿಸಲು ಲೆಕ್ಕದ ಪುಸ್ತಕ ಬೇಕು.

ಮಾತು ಮತ್ತು ಚೌಕಾಸಿ

ಬೋಣಿ ಗಿರಾಕಿಯ ಜೊತೆ ಹೆಚ್ಚು ಎಳೆದಾಡಬೇಡಿ. ನಂಬಿಕೆ ಇರಲಿ ಬಿಡಲಿ, ಖಾಲಿ ಮಳಿಗೆಯ ಮುಂದೆ ಒಬ್ಬರು ಚೀಲ ಹಿಡಿದು ನಿಂತಿದ್ದರೆ ಇನ್ನಿಬ್ಬರು ಬರುತ್ತಾರೆ.

ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುವವರ ಮಳಿಗೆಗೆ ಜನ ಬರುವುದಿಲ್ಲ, ಬಂದವರನ್ನೆಲ್ಲ ಕೂಗಿ ಕರೆಯುವವರ ಮಳಿಗೆಗೂ ಬರುವುದಿಲ್ಲ. ಪುಡಿ ಮಾಡುತ್ತಲೋ ಪೊಟ್ಟಣ ಕಟ್ಟುತ್ತಲೋ ಏನಾದರೂ ಕೆಲಸದಲ್ಲಿರಿ. ಮಾತು ಶುರುವಾಗುವುದು ಹೀಗೆ:

‘ಏನಮ್ಮಾ, ಈ ಮೆಣಸು ಎಲ್ಲಿಯದು?’

‘ಕೊಪ್ಪದ ಕಡೆಯದು ಅಕ್ಕ. ಎರಡು ಕಾಳು ಬಾಯಿಗೆ ಹಾಕಿಕೊಂಡು ನೋಡಿ.’

‘ಕಡಿಮೆ ಮಾಡಿಕೊಡುತ್ತೀಯಾ?’

‘ಬೆಲೆ ಅಷ್ಟೇ ಅಕ್ಕ. ಎರಡು ಪೊಟ್ಟಣ ತೆಗೆದುಕೊಂಡರೆ ಒಂದು ಚಿಟಿಕೆ ಏಲಕ್ಕಿ ಹಾಕಿಕೊಡುತ್ತೇನೆ.’

ಹಣ ಇಳಿಸುವ ಬದಲು ಕೊಸರು ಕೊಡುವುದು ನಮ್ಮ ಸಂತೆಗಳ ಹಳೆಯ ಜಾಣತನ. ಹತ್ತು ರೂಪಾಯಿ ಇಳಿಸಿದರೆ ಹಿಂದೆ ನಿಂತವರೂ ಹತ್ತು ರೂಪಾಯಿ ಕೇಳುತ್ತಾರೆ. ಕೊಸರಿನ ಅಸಲು ಕಡಿಮೆ, ಕೊಂಡವರ ಖುಷಿ ಹೆಚ್ಚು. ಪರಿಚಿತರು ಬಂದು ಉದ್ರಿ ಕೇಳಿದರೆ ‘ಇದು ಸಂಘದ ಲೆಕ್ಕ’ ಎಂದುಬಿಡಿ.

ಮಳೆ, ಇಬ್ಬನಿ, ಗಾಳಿ

ಬೇಲೂರಿನ ಚೆನ್ನಕೇಶವನ ತೇರು ಬರುವ ಚೈತ್ರದ ಹೊತ್ತಿಗೆ ಮಧ್ಯಾಹ್ನ ಉರಿಬಿಸಿಲು, ಸಂಜೆ ಗುಡುಗು. ಗಿಡ ಹೂ ಬಿಡಲೆಂದು ಕಾಫಿ ತೋಟದವರು ಕಾಯುವ ಹೂಮಳೆ ಮಳಿಗೆಯವರಿಗೆ ಶತ್ರು. ತಾಡಪಾಲಿನ ನಡುವೆ ನೀರು ನಿಂತು ಹೊಟ್ಟೆ ಬಿಡದಂತೆ ಒಂದು ಕಡೆ ಇಳಿಜಾರು ಕೊಡಿ. ಎತ್ತರದ ಅಂಚು ಗಿರಾಕಿಯ ಕಡೆ ಇರಲಿ, ನೀರು ಹಿಂದಕ್ಕೆ ಬೀಳಲಿ. ನಾಲ್ಕು ಕಾಲಿಗೂ ಮರಳು ತುಂಬಿದ ಚೀಲ ಕಟ್ಟಿ. ಮಳೆ ಬಂದಾಗ ಜನ ಓಡಿಬಂದು ನಿಮ್ಮ ಸೂರಿನ ಕೆಳಗೇ ನಿಲ್ಲುತ್ತಾರೆ. ಓಡಿಸಬೇಡಿ, ಕಾಫಿಯ ರುಚಿ ಕೊಡಿ.

ಚಳಿಗಾಲದ ಉತ್ಸವಗಳಲ್ಲಿ ಮಳೆಗಿಂತ ಇಬ್ಬನಿಯ ಕಾಟ ಹೆಚ್ಚು. ರಾತ್ರಿ ಹತ್ತರ ಮೇಲೆ ಹಪ್ಪಳ ಮೆತ್ತಗಾಗುತ್ತದೆ, ಕಾಗದದ ಲೇಬಲ್ ಕಿತ್ತುಬರುತ್ತದೆ. ಹಪ್ಪಳ, ಸಂಡಿಗೆಯ ಮಾದರಿಯನ್ನಷ್ಟೇ ಹೊರಗಿಟ್ಟು ಮಿಕ್ಕದ್ದನ್ನು ಬಿಗಿಮುಚ್ಚಳದ ಡಬ್ಬದಲ್ಲಿಡಿ. ರಾತ್ರಿ ಮಳಿಗೆ ಮುಚ್ಚುವಾಗ ಬೆಲೆಬಾಳುವುದನ್ನೂ ತೂಕದ ಯಂತ್ರವನ್ನೂ ಮನೆಗೆ ಒಯ್ಯಿರಿ, ಕಾವಲಿಗೆ ಯಾರಿದ್ದರೂ ಸರಿ.

ಭಾನುವಾರ ಸಂಜೆ ಮತ್ತು ಸೋಮವಾರ

ಭಾನುವಾರ ಮಧ್ಯಾಹ್ನ ಜನ ವಿರಳವಾದಾಗ ಒಮ್ಮೆ ದಾಸ್ತಾನು ಎಣಿಸಿ. ಚೆಲ್ಲಬೇಕಾದ ಪಾಲಿನದ್ದಕ್ಕೆ ಸಂಜೆ ಆರಕ್ಕೇ ಬೆಲೆ ಇಳಿಸಿ. ಎಂಟೂವರೆಗೆ ಇಳಿಸಿದರೆ ಕೊಳ್ಳುವ ಜನರೇ ಇರುವುದಿಲ್ಲ. ಸೊರಗುವ ಪಾಲಿನದ್ದನ್ನು ಜೊತೆ ಮಾಡಿ ಮಾರಿ: ಮೆಣಸಿನೊಂದಿಗೆ ಕಾಫಿಪುಡಿ, ಎರಡಕ್ಕೂ ಸೇರಿ ಒಂದು ಬೆಲೆ. ಕೆಡದ ಪಾಲಿಗೆ ಒಂದು ರೂಪಾಯಿಯನ್ನೂ ಇಳಿಸಬೇಡಿ. ಕೊನೆಯ ಗಂಟೆಯಲ್ಲಿ ಬಂದು ‘ಹೇಗೂ ಹೊತ್ತುಕೊಂಡು ಹೋಗಬೇಕಲ್ಲ’ ಎಂದು ಅರ್ಧ ಬೆಲೆಗೆ ಕೇಳುವ ಸಗಟಿನವರು ಇರುತ್ತಾರೆ. ಹೌದು, ಹೊತ್ತುಕೊಂಡು ಹೋಗುತ್ತೇವೆ ಎನ್ನಿ.

ಪಕ್ಕದ ಮಳಿಗೆಯವರ ಸಂಪರ್ಕ ಸಂಖ್ಯೆ ಪಡೆಯಿರಿ. ಮುಂದಿನ ಉತ್ಸವ ಎಲ್ಲಿ, ಯಾವ ಆಯೋಜಕರು ಹೇಳಿದಂತೆ ನಡೆದುಕೊಳ್ಳುತ್ತಾರೆ ಎಂಬ ಸುದ್ದಿ ಅವರಿಂದಲೇ ಬರುವುದು. ಕಸವನ್ನು ಗುಡಿಸಿ ಒಂದೆಡೆ ಹಾಕಿ ಹೊರಡಿ.

ಸೋಮವಾರ ಬೆಳಿಗ್ಗೆ ಪ್ರತಿ ವಸ್ತುವಿಗೂ ನಾಲ್ಕು ಅಂಕಣ ಬರೆಯಿರಿ: ಒಯ್ದದ್ದು, ಮಾರಿದ್ದು, ಉಳಿದದ್ದು, ಕೆಟ್ಟದ್ದು. ಕೆಟ್ಟದ್ದರ ಅಸಲನ್ನು ಮಳಿಗೆಯ ಖರ್ಚಿಗೆ ಸೇರಿಸಿ, ಆಮೇಲೆ ಲಾಭ ಎಷ್ಟೆಂದು ನೋಡಿ. ಯಾವ ಹೊತ್ತಿನಲ್ಲಿ ಏನು ಹೋಯಿತು ಎಂಬುದನ್ನು ಯುಪಿಐ ಪಟ್ಟಿಯ ಗಂಟೆ ನಿಮಿಷ ನೋಡಿ ಗುರುತಿಸಬಹುದು. ಎರಡು ಮೂರು ಉತ್ಸವಗಳ ಪುಟಗಳನ್ನು ಅಕ್ಕಪಕ್ಕ ಇಟ್ಟರೆ ಯಾವ ವಸ್ತುವನ್ನು ಇನ್ನು ಒಯ್ಯಬಾರದು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಅಷ್ಟರಲ್ಲಿ ತಾಡಪಾಲನ್ನು ಬಿಸಿಲಿಗೆ ಹರವಿ. ಒದ್ದೆಯಾಗಿಯೇ ಮಡಚಿಟ್ಟರೆ ಮುಂದಿನ ಶನಿವಾರ ಮಳಿಗೆಯೆಲ್ಲ ಮುಗ್ಗುಲು ವಾಸನೆ ಹೊಡೆಯುತ್ತದೆ, ಕಾಫಿಯ ಪರಿಮಳವನ್ನು ಗಿರಾಕಿ ಮೂಸುವುದಕ್ಕೇ ಆಗುವುದಿಲ್ಲ.